ಬೀಗರ ವಕಾಲತ್ತು

ಅಮಾನತು ಎಂದರೆ ಮನೆಯಲ್ಲಿ ಕಾಲು ಚಾಚಿ ಕುಳಿತು ಅರ್ಧ ಸಂಬಳ ತೆಗೆದುಕೊಳ್ಳುವುದು ಎಂದೇ ನಾನು ಬಹಳ ವರ್ಷ ತಿಳಿದುಕೊಂಡಿದ್ದೆ. ಬೇರೆ ಯಾರಾದರೂ ಅಮಾನತಾದ ಸುದ್ದಿ ಬಂದಾಗ, 'ಅನುಭವಿಸಲಿ ಬಿಡಿ' ಎಂದು ಸ್ಟಾಫ್ ರೂಮಿನಲ್ಲಿ ಕಾಫಿ ಹೀರುತ್ತಾ ಅಂದವಳೂ ನಾನೇ. ನನಗೇ ಆದ ಮೇಲೆ ತಿಳಿಯಿತು, ಆದೇಶದ ತಳದಲ್ಲಿ ಇನ್ನೊಂದು ಸಾಲು ಇರುತ್ತದೆ ಎಂದು. ಅಮಾನತಿನ ಅವಧಿಯಲ್ಲಿ ಸದರಿಯವರ ಕೇಂದ್ರಸ್ಥಾನ ಇಂಥ ಊರು, ಪೂರ್ವಾನುಮತಿ ಇಲ್ಲದೆ ಅದನ್ನು ಬಿಡತಕ್ಕದ್ದಲ್ಲ. ನನಗೆ ಬಂದದ್ದು ನಾಗಮಂಗಲ.

ನನ್ನ ಮನೆ ಪಾಂಡವಪುರ ತಾಲ್ಲೂಕಿನಲ್ಲಿ, ಕ್ಯಾತನಹಳ್ಳಿಯ ಕಡೆ. ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದ ಶಾಲೆ ಮನೆಯಿಂದ ನಡೆದು ಹೋಗುವಷ್ಟು ದೂರ. ಐವತ್ತೊಂಬತ್ತು ದಾಟಿದ ಹೆಂಗಸು, ಗಂಡನನ್ನೂ ಎರಡು ಹಸುವನ್ನೂ ಬಿಟ್ಟು, ನಾಗಮಂಗಲದ ಬಸ್ ಸ್ಟ್ಯಾಂಡಿನ ಹಿಂದೆ, ರಾಗಿ ಮಿಲ್ಲಿನ ಮೇಲೆ ಒಂದು ರೂಮು ಮಾಡಿಕೊಂಡೆ. ಬೆಳಿಗ್ಗೆ ಹೋಗಿ ಇಲಾಖೆಯ ಕಚೇರಿಯಲ್ಲಿ ಒಂದು ಸಹಿ. ಅಲ್ಲಿಗೆ ನನ್ನ ದಿನದ ಕೆಲಸ ಮುಗಿಯಿತು. ಮಿಲ್ಲು ಶುರುವಾದರೆ ಮಂಚ, ಲೋಟ, ನನ್ನ ಹಲ್ಲು ಎಲ್ಲವೂ ಒಟ್ಟಿಗೆ ನಡುಗುತ್ತಿದ್ದವು. ಕಚೇರಿಗೆ ಬಂದ ಮೇಷ್ಟ್ರುಗಳು ಬೆಂಚಿನ ಮೇಲೆ ನನ್ನನ್ನು ಕಂಡು, 'ಏನ್ ಮೇಡಂ, ಈ ಕಡೆ ಟ್ರಾನ್ಸ್‌ಫರಾ?' ಎನ್ನುತ್ತಿದ್ದರು. ಗೊತ್ತಿದ್ದೇ ಕೇಳುವವರು ಯಾರು, ಗೊತ್ತಿಲ್ಲದೆ ಕೇಳುವವರು ಯಾರು ಎಂದು ಮುಖ ನೋಡಿಯೇ ಹೇಳುವಷ್ಟು ಪಳಗಿದೆ.

ಮಾಡಿದ ತಪ್ಪೇನು ಎಂದು ಮೊದಲೇ ಹೇಳಿಬಿಡುತ್ತೇನೆ, ಮುಚ್ಚಿಡುವುದು ನನ್ನ ಜಾಯಮಾನವಲ್ಲ. ನಮ್ಮ ಕಡೆ ಸೋಮವಾರದ ಒಕ್ಕಲಿನ ಮನೆಗಳು ಬಹಳ. ಕಾರ್ತಿಕ ಮಾಸದ ಸೋಮವಾರ ಬಂತೆಂದರೆ ಮೊಟ್ಟೆ, ಮಾಂಸ ಮನೆಯ ಹೊಸಿಲಿನಿಂದ ಆಚೆಗೆ. ಶಾಲೆಯಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ದಿನ ಅದೇ ಸೋಮವಾರ ಬಿತ್ತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡಬೇಕೆಂದು ನಿಯಮವಿದೆ, ಆದರೆ ಎಷ್ಟು ಮಕ್ಕಳು ತಿನ್ನುವುದಿಲ್ಲ ಎಂದು ಮೊದಲೇ ಬರೆದು ಕಳಿಸಿರಬೇಕು. ನಾನು ಬರೆದು ಕಳಿಸಿರಲಿಲ್ಲ. ಊರಿನ ತಾಯಂದಿರು ನಾಲ್ಕು ಜನ ಗೇಟಿನ ಹತ್ತಿರ ನಿಂತು, 'ಸ್ವಾಮಾರ ನಮ್ ಐಕ್ಳು ತಿನ್ನಕಿಲ್ಲ ಕಣ್ ಮೇಡಂ. ಕೈಗೇ ಕೊಟ್ಬುಡಿ, ನಾಳಿಕ್ಕೆ ಸಾರಿಗಾಕ್ಕೊತೀವಿ' ಅಂದರು. ನ್ಯಾಯವಾಗಿಯೇ ಕಂಡಿತು. ಮೂರು ಸೋಮವಾರ ಬೇಯಿಸಿದ ಮೊಟ್ಟೆಗಳು ಮಕ್ಕಳ ಊಟದ ಡಬ್ಬಿಯಲ್ಲಿ ಮನೆಗೆ ಹೋದವು. ರಿಜಿಸ್ಟರಿನಲ್ಲಿ ಮಾತ್ರ ಎಲ್ಲರೂ ಶಾಲೆಯಲ್ಲೇ ತಿಂದರು ಎಂದು ನನ್ನ ಕೈಯಾರೆ ಬರೆದೆ. ನಾಲ್ಕನೆಯ ಸೋಮವಾರ ಯಾರೋ ಪುಣ್ಯಾತ್ಮರು ಅದನ್ನು ಮೊಬೈಲಿನಲ್ಲಿ ಹಿಡಿದು, ಶಾಲೆಯ ಮೊಟ್ಟೆ ಸಾಗಾಟ ಎಂದು ಹಂಚಿಬಿಟ್ಟರು. ವಾರ ಕಳೆಯುವುದರೊಳಗೆ ಆದೇಶ ಬಂತು.

ಆಗಸ್ಟ್ ಕೊನೆಗೆ ನನ್ನ ನಿವೃತ್ತಿ. ಒಂಬತ್ತು ತಿಂಗಳಿತ್ತು. ಶಿಕ್ಷೆಯಾದರೆ ಆಗಲಿ, ತಪ್ಪು ಬರೆದದ್ದು ನಿಜ. ಆದರೆ ಮೂವತ್ತು ಚಿಲ್ಲರೆ ವರ್ಷ ಸೀಮೆಸುಣ್ಣ ಹಿಡಿದವಳು ಕೊನೆಯ ದಿನ ಶಾಲೆಯ ಬಾಗಿಲಿನಿಂದ ಆಚೆ ಬರಬೇಕೇ ಹೊರತು ರಾಗಿ ಮಿಲ್ಲಿನ ಮೆಟ್ಟಿಲಿನಿಂದ ಇಳಿಯಬಾರದು ಎಂಬ ಹಟ ಹಿಡಿದುಬಿಟ್ಟಿತು. ಅದೊಂದೇ ನನಗೆ ಬೇಕಾಗಿದ್ದದ್ದು.

ನಮ್ಮ ಜನಕ್ಕೆ ವಕೀಲ ಬೇಕಾದಾಗ ಯಾವ ವಿಷಯ ಬಲ್ಲ ವಕೀಲ ಎಂದು ಯಾರೂ ಕೇಳುವುದಿಲ್ಲ, 'ನಮ್ಮೋರು ಯಾರವ್ರೆ?' ಎಂದು ಕೇಳುತ್ತಾರೆ. ನಮಗೆ ನಮ್ಮವರನ್ನು ಹುಡುಕುವ ಕಷ್ಟವೂ ಇರಲಿಲ್ಲ. ಮಗಳನ್ನು ಕೊಟ್ಟದ್ದೇ ಕೆ.ಆರ್. ಪೇಟೆಯ ವಕೀಲರ ಮನೆಗೆ. ಆದೇಶ ಬಂದ ಮಾರನೆಯ ದಿನವೇ ಬೀಗರು ಬಿಳಿ ಅಂಗಿ, ಕರಿ ಕೋಟಿನಲ್ಲಿ ನಮ್ಮ ಜಗಲಿಗೆ ಬಂದು ಕುಳಿತರು. ಒಳ್ಳೆಯ ಮನುಷ್ಯರು, ಆಜಾನುಬಾಹು, ನಕ್ಕರೆ ಮನೆ ತುಂಬುವ ನಗು. ಭಾಗದ ಕೇಸು, ಬದುವಿನ ಕೇಸು, ದಾರಿಯ ಕೇಸುಗಳಲ್ಲಿ ಎತ್ತಿದ ಕೈ ಎಂದು ಹೆಸರಿತ್ತು.

'ನಾನಿರೋವಾಗ ನೀವ್ಯಾಕೆ ಬ್ಯಾರೆ ಲಾಯರ್ ಮನೆ ಬಾಗ್ಲು ತುಳೀಬೇಕು ಬೀಗ್ತಿಯವ್ರೇ?' ಅಂದರು. ವಕಾಲತ್ತಿನ ಕಾಗದ ಜೇಬಿನಲ್ಲೇ ತಂದಿದ್ದರು. 'ಫೀಸಿನ ಮಾತೆತ್ತಿದ್ರೆ ಮಾತ್ರ ನಾನೀಗ್ಲೇ ಎದ್ದೋಯ್ತೀನಿ.'

ನನ್ನ ಯಜಮಾನರು ಕೈಮುಗಿದರು. ನಾನು ಸಹಿ ಹಾಕಿದೆ. ಮಕ್ಕಳು ಅಪ್ಪ ಅಮ್ಮ ಓದದೇ ಹಾಕಿದ ಸಹಿ ತಂದರೆ ಅಂಕಪಟ್ಟಿಯನ್ನು ಮುಖಕ್ಕೆ ಹಿಡಿಯುತ್ತಿದ್ದವಳು ಒಂದಕ್ಷರ ಓದದೆ ಸಹಿ ಹಾಕಿದೆ. ಬೀಗರು ಕೊಟ್ಟ ಕಾಗದವನ್ನು ಅವರ ಎದುರಿಗೇ ಕೂತು ಓದುವುದು ಹೇಗೆ?

ಅವರು ಪಾಂಡವಪುರದ ಸಿವಿಲ್ ಕೋರ್ಟಿನಲ್ಲಿ ಒಂದು ದಾವೆ ಹೂಡಿದರು. ಅಮಾನತು ಊರ್ಜಿತವಲ್ಲವೆಂದು ಘೋಷಿಸಬೇಕು, ನನ್ನ ಕೆಲಸಕ್ಕೆ ಅಡ್ಡಿ ಮಾಡದಂತೆ ಸರ್ಕಾರವನ್ನು ತಡೆಯಬೇಕು ಎಂದು. ಬದುವಿಗೆ ಅಡ್ಡ ಬಂದ ದಾಯಾದಿಯನ್ನು ತಡೆಯುವ ಹಾಗೆಯೇ ಬರೆದಿದ್ದರು ಎಂದು ಆಮೇಲೆ ಓದಿದಾಗ ಗೊತ್ತಾಯಿತು. ನನ್ನ ನೌಕರಿಯ ಪೂರ್ವ, ಪಶ್ಚಿಮ ಚೆಕ್ಕುಬಂದಿ ಒಂದು ಬಿಟ್ಟು ಉಳಿದದ್ದೆಲ್ಲ ಇತ್ತು. ಸರ್ಕಾರದ ವಕೀಲರು ಮೊದಲ ದಿನವೇ ಎದ್ದು ನಿಂತು, ಇಂಥ ಕೇಸು ಈ ಕೋರ್ಟಿಗೆ ಬರುವುದೇ ಇಲ್ಲ ಎಂದರು. ನಮ್ಮ ಬೀಗರು ಅದಕ್ಕೆ ಉತ್ತರ ಕೊಡಲು ಸಮಯ ಕೇಳಿದರು. ಫೆಬ್ರವರಿಗೆ ವಾಯಿದೆ ಬಿತ್ತು, ಆಮೇಲೆ ಮಾರ್ಚಿಗೆ, ಆಮೇಲೆ ಏಪ್ರಿಲ್ಲಿಗೆ. ಪ್ರತಿ ವಾಯಿದೆಗೂ ನಾನು ಅನುಮತಿಯ ಅರ್ಜಿ ಬರೆದು ನಾಗಮಂಗಲದಿಂದ ಬರುತ್ತಿದ್ದೆ, ಅವರು ಕೆ.ಆರ್. ಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕೋರ್ಟಿನ ಮುಂದಿನ ಹೋಟೆಲಿನಲ್ಲಿ ಇಡ್ಲಿ ಕೊಡಿಸಿ, 'ಯೋಚ್ನೆ ಬುಡಿ, ಸರ್ಕಾರ ನಡುಗ್ತಾ ಅದೆ' ಅನ್ನುತ್ತಿದ್ದರು. ನಡುಗುತ್ತಿದ್ದದ್ದು ನನ್ನ ರೂಮು ಮಾತ್ರ ಎಂದು ಹೇಳಬೇಕೆಂದು ನಾಲಿಗೆ ತುದಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ. ಫೀಸು ತೆಗೆದುಕೊಳ್ಳದ ವಕೀಲರನ್ನು ಏನೆಂದು ಕೇಳುವುದು? ಅದೂ ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ನಮ್ಮ ಸಲುವಾಗಿ ಬಂದವರನ್ನು?

ಇಲ್ಲಿ ಮಗಳ ವಿಷಯ ಹೇಳಬೇಕು. ಬಿ.ಕಾಂ. ಮಾಡಿದ ಹುಡುಗಿ, ಮೂರು ವರ್ಷದ ಒಂದು ಗಂಡು ಮಗು. ಅಳಿಯ ಒಳ್ಳೆಯವನೇ, ಆದರೆ ತಂದೆಯ ಎದುರಿಗೆ ತುಟಿ ಎರಡು ಮಾಡುವವನಲ್ಲ. ಮದುವೆಯಾದ ಹೊಸತರಲ್ಲಿ ಅವಳು ಆ ಮನೆಯಲ್ಲಿ ಬಹಳ ಮಂಕಾಗಿದ್ದಳು. ಆಮೇಲೆ ಮಾವನವರ ಆಫೀಸು ರೂಮಿನಲ್ಲಿ ಕುಳಿತು ದಾವೆ, ಅರ್ಜಿ ಟೈಪ್ ಮಾಡಿಕೊಡಲು ಶುರು ಮಾಡಿದಳು. ತಪ್ಪು ಹುಡುಕುವುದರಲ್ಲಿ ನನ್ನ ಮಗಳು. ಮಾವನವರಿಗೆ ಅದು ಬಹಳ ಹಿಡಿಸಿತು. 'ನನ್ ಸೊಸೆ ನನಗಿಂತ ಮುಂಚೆ ಪಾಯಿಂಟ್ ಇಡೀತಾಳೆ' ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಈ ವರ್ಷ ಅವಳನ್ನು ಮಂಡ್ಯದಲ್ಲಿ ಕಾನೂನು ಓದಲು ಸೇರಿಸುವುದಾಗಿ ಅವರೇ ಬಾಯಿಬಿಟ್ಟು ಮಾತು ಕೊಟ್ಟಿದ್ದರು. ಅವಳ ದನಿಯೇ ಬದಲಾಗಿತ್ತು. ಫೋನಿನಲ್ಲಿ ನನ್ನ ಅಮಾನತಿಗೆ ಬದಲಾಗಿ ಬಸ್ಸಿನ ಟೈಮು, ಮಗುವನ್ನು ಯಾರ ಹತ್ತಿರ ಬಿಡುವುದು ಎಂಬ ಮಾತೇ ಹೆಚ್ಚಾಯಿತು. ನನಗೆ ಸ್ವಲ್ಪ ಸಿಟ್ಟು ಬರುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಏಪ್ರಿಲ್ ವಾಯಿದೆಯಾದ ಮೇಲೆ ಕಚೇರಿಯ ಬೆಂಚಿನಲ್ಲಿ ಪಕ್ಕಕ್ಕೆ ಕುಳಿತ ಹಿರಿಯ ಮೇಷ್ಟ್ರೊಬ್ಬರು ನನ್ನ ಕಥೆ ಕೇಳಿ, 'ಅಯ್ಯೋ ಮೇಡಂ, ನಮ್ಮಂಥ ಸರ್ಕಾರಿ ನೌಕರರ ಕೇಸಿಗೆ ಬೆಂಗಳೂರಲ್ಲಿ ಬೇರೆ ನ್ಯಾಯಮಂಡಳಿನೇ ಅದೆಯಲ್ಲ, ಗೊತ್ತಿಲ್ವಾ?' ಅಂದರು. ಅಂಥ ಕೇಸುಗಳನ್ನೇ ನಡೆಸುವ ವಕೀಲೆಯೊಬ್ಬರು ಭಾನುವಾರಗಳಲ್ಲಿ ಶ್ರೀರಂಗಪಟ್ಟಣದ ತಮ್ಮ ಮನೆಗೆ ಬರುತ್ತಾರೆ ಎಂದೂ ಹೇಳಿದರು. ಮುಂದಿನ ಭಾನುವಾರ ಅನುಮತಿ ಗಿನುಮತಿ ಕೇಳದೆ, ಸೆರಗು ಹೊದ್ದು, ಕಳ್ಳಿಯ ಹಾಗೆ ಬೆಳಗಿನ ಬಸ್ಸು ಹತ್ತಿದೆ. ಪಾಂಡವಪುರದಲ್ಲಿ ಬಸ್ಸು ನಿಂತಾಗ ನಮ್ಮೂರಿನವರು ಯಾರಾದರೂ ಹತ್ತುತ್ತಾರೇನೋ ಎಂದು ಮುಖ ಕಿಟಕಿಗೆ ತಿರುಗಿಸಿಕೊಂಡೆ. ನನ್ನ ಊರಿನ ಬಸ್ ಸ್ಟ್ಯಾಂಡಿನಲ್ಲಿ ನಾನೇ ತಲೆ ತಪ್ಪಿಸಿಕೊಳ್ಳುವ ಕಾಲ ಬಂತಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಕೋಟೆಯ ಒಳಗಿನ ಹಳೆಯ ಮನೆ. ವಕೀಲೆ ನಲವತ್ತೈದರ ಹೆಂಗಸು, ಮೊರದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಕುಳಿತಿದ್ದರು. ನನ್ನ ಫೈಲು ತೆಗೆದುಕೊಂಡು, ಕೈ ಒರೆಸಿಕೊಂಡು, ಹತ್ತು ನಿಮಿಷ ಓದಿದರು.

'ಈ ದಾವೆ ಯಾರು ಹಾಕಿದ್ದು ಮೇಡಂ?'

'ನಮ್ಮ ಬೀಗ್ರು.'

'ಅವರಿಗೂ ನಿಮಗೂ ಏನಾದ್ರೂ ಮನಸ್ತಾಪ ಇದ್ಯಾ?'

ನನಗೆ ನಗು ಬಂತು, ಆಮೇಲೆ ನಗುವ ವಿಷಯವಲ್ಲ ಎಂದು ಗೊತ್ತಾಯಿತು. ಅವರು ವಿವರಿಸಿದರು. ಐದು ತಿಂಗಳಾದರೂ ನನಗೆ ಆರೋಪಪಟ್ಟಿಯನ್ನೇ ಕೊಟ್ಟಿಲ್ಲ, ಹೀಗೆ ಸುಮ್ಮನೆ ಕೂರಿಸಿರುವಂತಿಲ್ಲ, ನ್ಯಾಯಮಂಡಳಿಗೆ ಹೋದರೆ ಅಮಾನತಿಗೆ ತಡೆ ಸಿಗುವ ಸಾಧ್ಯತೆ ಚೆನ್ನಾಗಿದೆ, ವಿಚಾರಣೆ ಬೇಕಾದರೆ ನಡೆಯಲಿ, ಶಾಲೆಯಲ್ಲಿ ಕುಳಿತುಕೊಂಡೇ ಎದುರಿಸಬಹುದು. ಆದರೆ ಒಂದೇ ವಿಷಯಕ್ಕೆ ಎರಡು ಕಡೆ ಕೇಸು ಇಟ್ಟುಕೊಳ್ಳುವ ಹಾಗಿಲ್ಲ. ಮೊದಲು ಆ ದಾವೆಯನ್ನು ವಾಪಸು ತೆಗೆಯಬೇಕು. ಅದಕ್ಕೆ ಈಗಿನ ವಕೀಲರು ವಕಾಲತ್ತಿನ ಮೇಲೆ 'ನನ್ನ ಆಕ್ಷೇಪಣೆ ಇಲ್ಲ' ಎಂದು ಬರೆದು ಸಹಿ ಹಾಕಿಕೊಡಬೇಕು.

'ಅದಿಲ್ಲದೆ ಆಗಲ್ವಾ?'

'ಕೋರ್ಟನ್ನ ಕೇಳ್ಕೊಂಡು ಬಿಡಿಸ್ಕೋಬಹುದು. ಆದ್ರೆ ಇನ್ನೊಬ್ಬರ ಕೈಲಿರೋ ಫೈಲನ್ನ ಅವರ ಸಹಿ ಇಲ್ದೆ ನಾನು ಮುಟ್ಟಲ್ಲ. ನಮ್ಮಲ್ಲಿ ಯಾರೂ ಮುಟ್ಟಲ್ಲ.' ಮತ್ತೆ ಮೊರ ಎಳೆದುಕೊಂಡರು. 'ಒಂದು ಸಹಿ ತಾನೇ? ನಿಮ್ಮ ಬೀಗರು ತಾನೇ? ಜೂನ್ ಒಳಗೆ ತಂದ್ಕೊಡಿ. ತಡ ಆದ್ರೆ ನಿಮ್ಮ ನಿವೃತ್ತಿಯೊಳಗೆ ನಂಗೆ ಏನೂ ಮಾಡಕ್ಕಾಗಲ್ಲ.'

ಒಂದು ಸಹಿ ತಾನೇ. ಬಸ್ಸಿನಲ್ಲಿ ಅದನ್ನೇ ಹೇಳಿಕೊಳ್ಳುತ್ತಾ ಬಂದೆ.

ಮೊದಲು ಯಜಮಾನರಿಗೆ ಹೇಳಿದೆ. ಅವರು ಫೋನಿನಲ್ಲೇ ಹೌಹಾರಿದರು. 'ನಿಂಗೇನ್ ತಲೆಗಿಲೆ ಕೆಟ್ಟದಾ ಅಮ್ಮಿ? ಎಣ್ಣು ಕೊಟ್ಟಿರೋರು ನಾವು. ಓಗಿ, ನಿಮ್ ಲಾಯರ್‌ಗಿರಿ ಸಾಕು ಅಂತ ಯೋಳಕಾಯ್ತದಾ ಆ ಮನ್ಸಂಗೆ? ಸುಮ್ಕಿರು, ಕಂಡಿವ್ನಿ. ಎಂಟು ದಿನ ಜಾಸ್ತಿ ಕೂತ್ರೆ ನೀನೇನ್ ಸವೆದೋಗಕಿಲ್ಲ.'

'ಹಾಗಾದ್ರೆ ನೀವೇ ಬಂದು ಕೂತ್ಕೊಳ್ಳಿ ಈ ಮಿಲ್ಲಿನ ಮೇಲೆ' ಎಂದು ಫೋನಿಟ್ಟೆ. ಹೆಣ್ಣು ತಂದ ಮನೆ, ಹೆಣ್ಣು ಕೊಟ್ಟ ಮನೆ ಎಂಬ ಲೆಕ್ಕವನ್ನು ನಾನು ತರಗತಿಯಲ್ಲಿ ಎಷ್ಟು ಸಲ ಆಡಿಕೊಂಡಿದ್ದೆ. ಈಗ ಅದೇ ನನ್ನ ಕತ್ತಿಗೆ ಬಂದು ಕುಳಿತಿತ್ತು. ಹೆಣ್ಣು ಕೊಟ್ಟ ಕಡೆಯವರು ಬೀಗರಿಗೆ ಎದುರಾಡುವುದಿಲ್ಲ. ಆಡಿದರೆ ಅದರ ಫಲ ಇಲ್ಲಿಗೆ ಬರುವುದಿಲ್ಲ, ಆ ಮನೆಯ ಅಡುಗೆಮನೆಗೆ ಹೋಗುತ್ತದೆ.

ಮಗಳಿಗೆ ಹೇಳಿದಾಗ ಅವಳು ತಗ್ಗಿದ ದನಿಯಲ್ಲಿ, 'ನಂಗೂ ಗೊತ್ತಿತ್ತು ಕಣವ್ವ' ಅಂದಳು. 'ನಿನ್ ದಾವೆ ಟೈಪ್ ಮಾಡಿದ್ದು ನಾನೇ. ಈ ಕೋರ್ಟಿಗೆ ಬರಲ್ಲ ಅಂತ ಆಗ್ಲೇ ಡೌಟ್ ಬಂತು. ಮಾವೋರ್ಗೆ ಎಂಗ್ ಯೋಳದು?'

ಮೈಯೆಲ್ಲ ಉರಿದುಹೋಯಿತು. ತಾಯಿ ಒಂದು ರೂಮಿನಲ್ಲಿ ಕೊಳೆಯುತ್ತಿರುವಾಗ ಇವಳಿಗೆ ಬಂದ ಅನುಮಾನವನ್ನು ಬಾಯಲ್ಲೇ ಇಟ್ಟುಕೊಂಡಿದ್ದಾಳೆ! ಬಾಯಿಗೆ ಬಂದ ಹಾಗೆ ಬೈದೆ.

'ಕೇಳ್ಬೇಡ ಅನ್ನಲ್ಲ ಕಣವ್ವ. ಆಗಸ್ಟ್‌ ತಂಕ ತಡ್ಕೊ. ನನ್ ಅರ್ಜಿ ಆಕಿ, ಕಾಲೇಜ್ ಸೇರ್ಕೊಂಡ್ಬುಟ್ರೆ ಆಮ್ಯಾಕೆ ಅವ್ರು ನಿಲ್ಸಕಿಲ್ಲ. ಈಗ ಕೇಳಿದ್ರೆ ಅವ್ರ ಮನಸ್ಸು ಮುರೀತದೆ. ನಂಗೆ ಗೊತ್ತು ಅವ್ರನ್ನ.'

'ಆಗಸ್ಟಿಗೆ ನಾನು ಮನೆಗೇ ಹೋಗ್ತೀನಲ್ಲೇ' ಅಂದೆ.

'ಗೊತ್ತವ್ವ' ಅಂದಳು. ಮಗು ಅಳುವುದು ಕೇಳಿಸಿತು, ಫೋನು ಇಟ್ಟಳು.

ಆ ಮೇ ತಿಂಗಳನ್ನು ನಾನು ಹೇಗೆ ಕಳೆದೆನೋ. ಬೆಳಿಗ್ಗೆ ಸಹಿ, ಮಧ್ಯಾಹ್ನ ಮಿಲ್ಲಿನ ಸದ್ದು, ಸಂಜೆ ಬಸ್ ಸ್ಟ್ಯಾಂಡಿನಲ್ಲಿ ದೇವಲಾಪುರದ ಕಡೆಯ ಬಸ್ಸುಗಳು ಬಂದು ಹೋಗುವುದನ್ನು ನೋಡುತ್ತಾ ನಿಲ್ಲುವುದು. ತಲೆಯಲ್ಲಿ ಒಂದೇ ಯೋಚನೆ. ಇಲಾಖೆ ನನ್ನನ್ನು ಕೂಡಿಹಾಕಿದ್ದು ಒಂದು ಊರಿನಲ್ಲಿ. ಬೀಗರು, ಯಜಮಾನರು, ಮಗಳು, ಎಲ್ಲರೂ ನನ್ನ ಒಳ್ಳೆಯದನ್ನೇ ಬಯಸಿ ಕೂಡಿಹಾಕಿದ್ದರು. ಇಲಾಖೆಯ ಮೇಲಾದರೂ ಕೇಸು ಹಾಕಬಹುದು.

ಆ ತಿಂಗಳ ಕೊನೆಗೆ ಮೊಮ್ಮಗನ ಮುಡಿ ತೆಗೆಸಿ, ಕಿಕ್ಕೇರಿಯ ಹತ್ತಿರ ಬೀಗರ ಮೂಲ ಊರಿನಲ್ಲಿ ದೊಡ್ಡ ಬಾಡೂಟ ಇಟ್ಟಿದ್ದರು. ಅನುಮತಿ ತೆಗೆದುಕೊಂಡೇ ಹೋದೆ. ಶ್ರೀರಂಗಪಟ್ಟಣದ ವಕೀಲೆ ಕೊಟ್ಟ ಹೊಸ ವಕಾಲತ್ತಿನ ಕಾಗದ ನನ್ನ ಬ್ಯಾಗಿನಲ್ಲಿತ್ತು. ಕೇಳುವುದಕ್ಕಲ್ಲ, ಇರಲಿ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಬೀಗರು ಪಂಚೆ ಎತ್ತಿ ಕಟ್ಟಿ, ತಾವೇ ಬಕೆಟ್ಟು ಹಿಡಿದು ಪಂಕ್ತಿಯಲ್ಲಿ ಬಡಿಸುತ್ತಿದ್ದರು. ನನ್ನ ಎಲೆಯ ಮುಂದೆ ನಿಂತು, ನಾನು ಬೇಡ ಬೇಡವೆಂದು ಕೈ ಅಡ್ಡ ಹಿಡಿದರೂ ಇನ್ನೆರಡು ತುಂಡು ಹಾಕಿದರು. ಆಮೇಲೆ ಸುತ್ತ ಕುಳಿತಿದ್ದ ನೆಂಟರಿಗೆಲ್ಲ ಕೇಳುವ ಹಾಗೆ, 'ನಮ್ ಬೀಗ್ತಿಯವ್ರ ಕೇಸು ನಾನೇ ಇಡ್ದಿರೋದು. ಸರ್ಕಾರಾನೇ ಪಾರ್ಟಿ ಮಾಡಿ ನಿಲ್ಸಿವ್ನಿ, ನೋಡಾನ ಅದೇನ್ ಮಾಡ್ತದೋ' ಅಂದರು. ನೆಂಟರು ಮೆಚ್ಚಿ ತಲೆದೂಗಿದರು. ಬೀಗರ ಮುಖದಲ್ಲಿ ಅಷ್ಟು ಸಂತೋಷವಿತ್ತು. ಪಂಕ್ತಿಯ ಆ ತುದಿಯಲ್ಲಿ ನೀರು ಬಡಿಸುತ್ತಿದ್ದ ಮಗಳು ನನ್ನ ಬ್ಯಾಗನ್ನೂ ನನ್ನ ಮುಖವನ್ನೂ ನೋಡಿ, ಬೇಡ ಎಂದು ಕಣ್ಣಲ್ಲೇ ಹೇಳಿದಳು. ನಾನು ಸಹಿ ಕೇಳಲಿಲ್ಲ. ಬ್ಯಾಗನ್ನು ಹಾಗೇ ವಾಪಸು ತಂದೆ.

ಜೂನ್ ಎರಡನೆಯ ವಾರ ಶಾಲೆಗಳು ಶುರುವಾಗಿದ್ದವು. ಒಂದು ಬೆಳಿಗ್ಗೆ ಸಹಿ ಹಾಕಿ ಹೊರಗೆ ಬಂದಾಗ, ಎದುರಿನ ಶಾಲೆಯಲ್ಲಿ ಪ್ರಾರ್ಥನೆಯ ಗಂಟೆ ಹೊಡೆಯಿತು. ಬೇರೆಯವರ ಶಾಲೆ, ಬೇರೆಯವರ ಗಂಟೆ. ಆದರೂ ನನ್ನ ಕೈ ತಾನಾಗಿಯೇ ಸೀರೆಯ ನೆರಿಗೆ ಸರಿ ಮಾಡಿಕೊಂಡಿತು, ಸಾಲು ನೇರ ಮಾಡಿಸಲು ಹೊರಟವಳ ಹಾಗೆ. ಅಲ್ಲೇ ನಿಂತು ಅತ್ತೆ. ಅತ್ತದ್ದು ಮುಗಿದಾಗ ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಎಲ್ಲರ ಮರ್ಯಾದೆಯನ್ನೂ ನಾನೇ ಯಾಕೆ ಹೊರಬೇಕು? ಮಗಳಿಗೆ ಮುಂದೆ ಎಷ್ಟು ವರ್ಷವಿದೆ, ನನಗಿರುವುದು ಎರಡೂವರೆ ತಿಂಗಳು. ಕಾಗದ ಇನ್ನೂ ಬ್ಯಾಗಿನಲ್ಲೇ ಇತ್ತು, ರೂಮಿಗೂ ಹೋಗದೆ ಕೆ.ಆರ್. ಪೇಟೆಯ ಬಸ್ಸು ಹತ್ತಿದೆ. ಯಾರಿಗೂ ಫೋನು ಮಾಡಲಿಲ್ಲ. ಮಾಡಿದರೆ ಯಾರಾದರೂ ತಡೆಯುತ್ತಾರೆಂದು ಗೊತ್ತಿತ್ತು.

ಬೀಗರು ಆಫೀಸು ರೂಮಿನಲ್ಲಿದ್ದರು. ಪಕ್ಕದ ಮೇಜಿನಲ್ಲಿ ಮಗಳು ಟೈಪ್ ಮಾಡುತ್ತಿದ್ದಳು. 'ಬನ್ನಿ ಬನ್ನಿ ಬೀಗ್ತಿಯವ್ರೇ, ಇದೇನ್ ಇಂಗೆ ದಿಢೀರ್ ಅಂತ!' ಎಂದು ಎದ್ದು ನಿಂತರು. ನಾನು ಕೂರಲಿಲ್ಲ. ಕೂತರೆ ಕಾಫಿ ಬರುತ್ತದೆ, ಕಾಫಿ ಕುಡಿದರೆ ಬಾಯಿ ಕಟ್ಟುತ್ತದೆ.

'ಬೀಗ್ರೇ, ಒಂದು ಸಹಿ ಬೇಕಾಗಿತ್ತು' ಅಂದೆ.

'ಅದಕ್ಕೇನಂತೆ, ಕೊಡಿ' ಎಂದು ಪೆನ್ನಿನ ಮುಚ್ಚಳ ತೆಗೆದರು. ಸಹಿಯ ಜಾಗ ಹುಡುಕಲು ಕಾಗದ ತಿರುಗಿಸಿದವರು ಹಾಗೇ ನಿಂತು ಓದಿದರು. ಟೈಪಿನ ಸದ್ದು ನಿಂತಿತು. ಎರಡನೆಯ ಸಲ ಓದುವಾಗ ಅವರ ಕಿವಿ ಕೆಂಪಗಾದದ್ದು ನನಗೆ ಕಾಣಿಸಿತು. ಮುದ್ದಾದ ಅಕ್ಷರದಲ್ಲಿ 'ನನ್ನ ಆಕ್ಷೇಪಣೆ ಇಲ್ಲ' ಎಂದು ಬರೆದು, ಸಹಿ ಹಾಕಿ, ತಾರೀಕು ಹಾಕಿ, ಶಾಯಿ ಆರಲೆಂದು ಸ್ವಲ್ಪ ಹೊತ್ತು ಹಿಡಿದುಕೊಂಡರು.

'ಶ್ರೀರಂಗಪಟ್ಣದೋರಾ? ಒಳ್ಳೇ ಲಾಯರಂತೆ, ಕೇಳಿವ್ನಿ.' ಆಮೇಲೆ ಸೊಸೆಯ ಕಡೆ ತಿರುಗಿ, 'ನಿಮ್ಮವ್ವನ ಫೈಲು ಅಲ್ಲೇ ಅದೆ, ಕವರ್‌ಗಾಕಿ ಕೊಡು ಮಗ' ಅಂದರು.

ಗೇಟಿನವರೆಗೂ ಬಂದು ಬೀಳ್ಕೊಟ್ಟರು. 'ಮೊದ್ಲೇ ಒಂದ್ ಮಾತ್ ಯೋಳಿದ್ರೆ ನಾನೇ ಕರ್ಕೊಂಡೋಗಿ ಬುಡ್ತಿದ್ದೆ ಬೀಗ್ತಿಯವ್ರೇ. ಅಳ್ಳಿ ಲಾಯರು ಅಂತ ನಂಗೂ ಗೊತ್ತು' ಅಂದರು. ಆ ದನಿಯಲ್ಲಿ ಸಿಟ್ಟಿದ್ದಿದ್ದರೆ ನಾನು ತಿರುಗಿ ಜಗಳವಾಡುತ್ತಿದ್ದೆ. ಸಿಟ್ಟಿರಲಿಲ್ಲ. ನನಗೆ ನಾಚಿಕೆಯಾಯಿತು, ನಿಜ. ಆದರೆ ಬಸ್ಸು ಊರು ದಾಟಿದ ಮೇಲೆ ಎದೆಯ ಮೇಲಿನ ಕಲ್ಲು ಇಳಿದ ಹಾಗೆ ಹಗುರವಾಗಿ, ಕಡಲೆಕಾಯಿ ಕೊಂಡು ತಿಂದೆ. ಫೈಲು ಕೊಡುವಾಗ ಮಗಳ ಮುಖ ಹೇಗಿತ್ತು ಎಂದು ಈಗ ನೆನಪು ಮಾಡಿಕೊಳ್ಳಲು ಹೋದರೆ ಬರುವುದಿಲ್ಲ, ಯಾಕೆಂದರೆ ನಾನು ನೋಡಲಿಲ್ಲ.

ಶ್ರೀರಂಗಪಟ್ಟಣದ ವಕೀಲೆ ಹೇಳಿದ ಹಾಗೆಯೇ ಮಾಡಿದರು. ದಾವೆ ವಾಪಸಾಯಿತು. ನನ್ನಿಂದ ಪ್ರಮಾಣಪತ್ರ ಬರೆಸುವಾಗ, ರಿಜಿಸ್ಟರ್ ಬರೆದದ್ದು ಯಾರು ಎಂದು ಕೇಳಿದರು. ನಾನೇ ಎಂದೆ. 'ಹಾಗೇ ಬರೀರಿ. ಯಾಕೆ ಬರೆದ್ರಿ ಅನ್ನೋದನ್ನೂ ಬರೀರಿ' ಅಂದರು. ಅಷ್ಟು ತಿಂಗಳಲ್ಲಿ ನನ್ನನ್ನು ಯಾರಾದರೂ ಯಾಕೆ ಎಂದು ಕೇಳಿದ್ದು ಅದೇ ಮೊದಲು. ಜುಲೈ ಕೊನೆಗೆ ನ್ಯಾಯಮಂಡಳಿ ಅಮಾನತಿಗೆ ತಡೆ ಕೊಟ್ಟಿತು. ಆಗಸ್ಟ್ ಮೊದಲ ವಾರ ರಾಗಿ ಮಿಲ್ಲಿನ ರೂಮಿನ ಬೀಗದ ಕೈ ಕೊಟ್ಟು, ನನ್ನ ಶಾಲೆಗೆ ಬಂದೆ. ಗೇಟಿನ ಹತ್ತಿರ ಅದೇ ತಾಯಂದಿರು ನಿಂತಿದ್ದರು. ಒಬ್ಬಾಕೆ ನನ್ನ ಕೈ ಹಿಡಿದುಕೊಂಡು, 'ನಮ್ಮಿಂದ ನಿಮ್ಗೆ ಇಂಗಾಯ್ತಲ್ಲ ಮೇಡಂ' ಎಂದು ಗೋಳೋ ಎಂದು ಅತ್ತಳು. ಅವಳನ್ನು ಗದರಿಸಿ ಮನೆಗೆ ಕಳಿಸಿದೆ. ಬಹಳ ದಿನಗಳ ಮೇಲೆ ಯಾರನ್ನಾದರೂ ಗದರಿಸಿದ್ದು, ಜೀವಕ್ಕೆ ಹಿತವಾಯಿತು.

ಆ ನಾಲ್ಕು ವಾರ ನಾನು ಬೇರೆ ಏನನ್ನೂ ನೋಡಲಿಲ್ಲ. ಮಗಳು ಫೋನು ಮಾಡುತ್ತಿದ್ದಳು, ನಾನು ಶಾಲೆಯ ವಿಷಯವನ್ನೇ ಹೇಳುತ್ತಿದ್ದೆ, ಅವಳು ಹೂಂಗುಟ್ಟುತ್ತಿದ್ದಳು.

ಕೊನೆಯ ದಿನ ಊರಿನವರೇ ಸೇರಿ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿದರು. ಬೀಗರು ಸಂಸಾರ ಸಮೇತ ಬಂದಿದ್ದರು. ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಕರೆದಾಗ ವೇದಿಕೆಗೆ ಬಂದು, ಎಲ್ಲರಿಗಿಂತ ದೊಡ್ಡ ಹಾರ ಹಾಕಿ, 'ನಮ್ ಬೀಗ್ತಿಯವ್ರು ಸೋಲೋರಲ್ಲ' ಎಂದು ಮೈಕಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಅಬ್ಬಾ, ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ ಎಂದು ನನ್ನ ಕಣ್ಣು ತುಂಬಿತು. ಕೆಳಗಿಳಿದು ಬಂದು, ಹಿಂದಿನ ಸಾಲಿನಲ್ಲಿದ್ದ ಮಗಳ ಪಕ್ಕದ ಕುರ್ಚಿಯಲ್ಲಿ ಕುಳಿತೆ. ಹುಮ್ಮಸ್ಸಿನಲ್ಲಿ, 'ಕಾಲೇಜು ಯಾವತ್ತಿಂದ ಶುರು?' ಎಂದು ಕೇಳಿದೆ.

'ಅರ್ಜಿ ಆಕೋ ತಾರೀಕು ಮುಗ್ದೋಯ್ತು ಕಣವ್ವ' ಅಂದಳು, ವೇದಿಕೆಯನ್ನೇ ನೋಡುತ್ತಾ.

'ಯಾಕೆ? ಬೇಡ ಅಂದ್ರಾ?'

'ಬ್ಯಾಡ ಅನ್ಲಿಲ್ಲ. ಮೊಗ ಇನ್ನೂ ಚಿಕ್ದು, ಮುಂದಕ್ಕೆ ನೋಡಾನ ಅಂದ್ರು. ಟೈಪಿಂಗೂ ಈಗ ಆಚೆ ಕಡೇಲೇ ಮಾಡಿಸ್ತಾವ್ರೆ. ನಂಗೆ ಮನೆ ಕೆಲ್ಸ ಜಾಸ್ತಿ ಆಯ್ತದೆ ಅಂತ.'

ನಾನೇ ಓದಿಸುತ್ತೇನೆ, ನಾಳೆಯೇ ಬಂದು ಮಾತಾಡುತ್ತೇನೆ, ಆ ಮನೆಯಲ್ಲಿ ನನ್ನ ಮಗಳು... ಎಂದು ಏನೇನೋ ಶುರು ಮಾಡಿದೆ. ಅವಳು ನನ್ನ ಮೊಣಕೈ ಹಿಡಿದಳು.

'ದುಡ್ಡಿನ್ ಮಾತಲ್ಲವ್ವ. ಆ ಮನೆಯಿಂದ ನಾನು ಬಸ್ಸತ್ತಬೇಕಾದ್ರೆ ಅವ್ರು ಊಂ ಅನ್ಬೇಕು. ನೀನು ಬಂದು ಮಾತಾಡಿದ್ರೆ ಅದೂ ಓಯ್ತದೆ.'

ಮುಂದಿನ ಸಾಲಿನಿಂದ ಬೀಗರು ತಿರುಗಿ ನಮ್ಮನ್ನು ನೋಡಿದರು, ಅದೇ ಮನೆ ತುಂಬುವ ನಗು. ನನ್ನ ತುಟಿ ಅದುರಲು ಶುರುವಾಗಿತ್ತು.

'ಅಳ್ಬೇಡ ಕಣವ್ವ, ನಗು' ಅಂದಳು ಮಗಳು, ತಾನೂ ನಗುತ್ತಾ. 'ಅವ್ರು ನೋಡ್ತಾವ್ರೆ.'

ನಾನು ನಕ್ಕೆ.